ಮೂರು ದಿನ ತಡವಾದ ನೊಣಗಳು

ಬಂಗಾರಪೇಟೆ
16 ಜೂನ್ 2025

ಪ್ರಿಯ ಚಂದನ,

ನೀನು ಕಳಿಸಿದ ಡಬ್ಬ ಮೊನ್ನೆ ಸಂಜೆ ಗಿರಿಯ ಕೈಯಿಂದ ಬಂತು. ಇಲ್ಲಿ ಊರಲ್ಲಿ ನಿಮ್ಮ ಪಕ್ಕದ ಮನೆಯವನು, ದಿನಾ ಬೆಂಗಳೂರಿಗೆ ಓಡಾಡುವವನು ಅಂತ ನಂಬಿ ಕೊಟ್ಟಿದ್ದೀಯ. ಆ ಮಹಾನುಭಾವ ಡಬ್ಬವನ್ನು ಸೀಟಿನ ಕೆಳಗೆ ತಳ್ಳಿ, ವೈಟ್‌ಫೀಲ್ಡಿನಿಂದ ಬಂಗಾರಪೇಟೆಯವರೆಗೆ ನಿದ್ದೆ ಹೊಡೆದಿದ್ದಾನೆ. "ಏನೈತಕ್ಕಾ ಇದ್ರಾಗೆ?" ಅಂದ. ಹಣ್ಣಿನ ನೊಣ ಅಂದೆ. "ನಮ್ಮೂರಾಗೆ ನೊಣ ಸಾಲ್ದು ಅಂತ ಬೆಂಗ್ಳೂರಿಂದ ತರಿಸ್ತಿದ್ದೀಯಾ?" ಅಂತ ನಕ್ಕು ಹೋದ.

ಇಪ್ಪತ್ತು ಸೀಸೆ ಎಂದು ನೀನು ಮೆಸೇಜು ಹಾಕಿದ್ದೆ. ಎಣಿಸಿದರೆ ಹತ್ತೊಂಬತ್ತು. ಎರಡು ಸೀಸೆಗಳ ಚೀಟಿಯ ಮೇಲಿರುವುದು ನಿನ್ನ ಕೈಬರಹವಲ್ಲ. ಯಾರದು?

ಫೋನ್ ಮಾಡಿದ್ದರೆ ಮುಗಿಯುತ್ತಿತ್ತು ಅನ್ನುತ್ತೀಯ. ಇದು ನಮ್ಮಿಬ್ಬರ ಹರಟೆಯಲ್ಲ, ನಿನ್ನ ಪಿಎಚ್‌ಡಿ ಇದರ ಮೇಲೆ ನಿಂತಿದೆ. ಕಾಗದದಲ್ಲಿದ್ದರೆ ನಾಳೆ "ನಾನು ಹಾಗೆ ಹೇಳಲೇ ಇಲ್ಲ" ಅನ್ನುವ ಮಾತು ಬರುವುದಿಲ್ಲ. ನಮ್ಮ ನಡುವೆ ಅಂಥ ಮಾತು ಒಮ್ಮೆ ಬಂದಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಆದ್ದರಿಂದ ನಿನ್ನ ವಾದವನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನೊಣದ ಮರಿ ಬೆಳೆಯುವಾಗ ಹೊರಗಿನಿಂದ ಒಂದು ಸಂಕೇತ ಬಂದು ಕೋಶದ ಬಾಗಿಲು ತಟ್ಟುತ್ತದೆ. ಒಳಗಿರುವ ಪ್ರೋಟೀನ್ ಒಂದು ಆ ಸುದ್ದಿಯನ್ನು ಕೋಶಕೇಂದ್ರಕ್ಕೆ ಒಯ್ದು ಜೀನ್‌ಗಳನ್ನು ಎಬ್ಬಿಸುತ್ತದೆ. ಈ ಪ್ರೋಟೀನಿನ ಮೈಗೆ ಸುಮೋ ಎಂಬ ಪುಟಾಣಿ ಪ್ರೋಟೀನ್ ಬಂದು ಅಂಟಿಕೊಂಡರೆ ಅದರ ಆರ್ಭಟ ಇಳಿಯುತ್ತದೆ, ಜೀನ್‌ಗಳು ಮತ್ತೆ ಮಲಗುತ್ತವೆ. ನೀನು ಆ ಅಂಟುವ ಜಾಗವನ್ನು, ಲೈಸೀನ್ ಎಂಬ ಒಂದೇ ಒಂದು ಅಮೈನೋ ಆಮ್ಲವನ್ನು, ಬದಲಿಸಿಬಿಟ್ಟೆ. ಈಗ ಸುಮೋ ಕೂರಲು ಜಾಗವಿಲ್ಲ, ಜೀನ್‌ಗಳು ಮಲಗುವುದಿಲ್ಲ. ಅಂಥ ಮರಿಗಳು ಮೂರು ದಿನ ತಡವಾಗಿ ನೊಣವಾಗುತ್ತವೆ, ಅವುಗಳ ರೆಕ್ಕೆಯಲ್ಲಿ ಒಂದು ನರ ಹೆಚ್ಚಿರುತ್ತದೆ. ಗುರುತಿಗೆ ಅವಕ್ಕೆ ಕೆಂಪು ಕಣ್ಣು, ಮಾಮೂಲಿನವಕ್ಕೆ ಬಿಳಿ ಕಣ್ಣು. ಹುಟ್ಟುವುದರಲ್ಲಿ ಅರ್ಧ ಇವು, ಅರ್ಧ ಅವು. ಇಷ್ಟೇ ತಾನೇ?

ಊರಿಗಾಂನಲ್ಲಿ ನಮ್ಮ ಕಾಲೇಜಿನವರು ಕೊಟ್ಟಿರುವುದು ಚಿನ್ನದ ಗಣಿ ಕಂಪನಿಯ ಕಾಲದ ಒಂದು ಕೋಣೆ. ಗೋಡೆ ಮೊಳದಪ್ಪ, ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಹೀಟರ್ ಇಟ್ಟು ಇಪ್ಪತ್ತೈದು ಡಿಗ್ರಿಗೆ ತಂದಿದ್ದೇನೆ. ಸೀಸೆ ನೋಡಿಕೊಳ್ಳಲು ಮುನಿರತ್ನಮ್ಮ ಎಂಬವರನ್ನು ಇಟ್ಟುಕೊಂಡಿದ್ದೇವೆ. ಮೆಕ್ಕೆಜೋಳದ ಹಿಟ್ಟು, ಬೆಲ್ಲ, ಈಸ್ಟ್ ಹಾಕಿ ಅವರು ಕುದಿಸಿದ ನೊಣದ ಗಂಜಿಯ ವಾಸನೆಗೆ ನನಗೇ ಹಸಿವಾಗುತ್ತದೆ. ನಾನು ಪಾಠ ಮುಗಿಸಿ ಬಂದು ಎಣಿಸುತ್ತೇನೆ.

ನಿನ್ನ
ಸುಕನ್ಯ

*

ಬೆಂಗಳೂರು
24 ಜೂನ್ 2025

ಸುಕನ್ಯ,

ವಕೀಲರ ನೋಟೀಸು ಬಂತೇನೋ ಅಂದುಕೊಂಡೆ, ನೋಡಿದರೆ ನಿನ್ನ ಕಾಗದ! ಸರಿ, ನಾನೂ ಕಾಗದದಲ್ಲೇ ಬರೆಯುತ್ತೇನೆ.

ಇಪ್ಪತ್ತನೇ ಸೀಸೆ ಇಲ್ಲಿಯೇ ಒಡೆಯಿತು. ಚೀಟಿ ಬರೆದವಳು ನವ್ಯ, ಈ ವರ್ಷ ಸೇರಿದ ಹುಡುಗಿ. ನನ್ನ ವಾದವನ್ನು ನೀನು ಬರೆದಿರುವುದು ನನ್ನ ಥೀಸಿಸ್ಸಿಗಿಂತ ಚೆನ್ನಾಗಿದೆ. ಒಂದು ವಿನಂತಿ: ಹದಿನೆಂಟನೇ ದಿನದವರೆಗೂ ಸೀಸೆ ತೊಳೆಯಬೇಡ. ನನ್ನವು ತಡವಾಗಿ ಬರುತ್ತವೆ, ಬಂದೇ ಬರುತ್ತವೆ. ನೂರಕ್ಕೆ ನಲವತ್ತೇಳು, ನಲವತ್ತೆಂಟು.

ಗೈಡ್ ಮೇಡಂ ಷರತ್ತು ನಿನಗೂ ಗೊತ್ತು. ಹೊರಗೆ ಒಬ್ಬರ ಕೈಯಲ್ಲಿ ಇದೇ ಲೆಕ್ಕ ಬಂದರೆ ಮಾತ್ರ ಪ್ರಬಂಧ ಪ್ರಕಟಣೆಗೆ ಹೋಗುತ್ತದೆ, ನನ್ನ ಥೀಸಿಸ್ಸೂ ಹೋಗುತ್ತದೆ. ಯಾರು ಬೇಕು ಅಂದಾಗ ನಿನ್ನ ಹೆಸರು ಹೇಳಿದವಳು ನಾನೇ. ನೊಣ ಎಣಿಸುವುದನ್ನು ನನಗೆ ಕಲಿಸಿದವಳು ನೀನು. ನೀನು ಲ್ಯಾಬು ಬಿಟ್ಟು ನಾಲ್ಕು ವರ್ಷವಾದರೂ, ನನ್ನ ಕೈಗಿಂತ ನಿನ್ನ ಕೈ ಮೇಲೆ ನನಗೆ ನಂಬಿಕೆ ಹೆಚ್ಚು.

"ಎತ್ತುವುದಿಲ್ಲ" ಅನ್ನುತ್ತಲೇ ನೀನು ಎತ್ತಿದ ಮಾತಿಗೆ ನಾನು ಉತ್ತರ ಬರೆಯುವುದಿಲ್ಲ.

ನಿನ್ನ
ಚಂದನ

*

ಬಂಗಾರಪೇಟೆ
21 ಜುಲೈ 2025

ಪ್ರಿಯ ಚಂದನ,

ಸುತ್ತಿಬಳಸಿ ಬರೆಯಲು ನನಗೆ ಬರುವುದಿಲ್ಲ. ಒಟ್ಟು ಬಂದ ನೊಣ ನಾನೂರ ಹನ್ನೆರಡು. ಬಿಳಿ ಕಣ್ಣಿನವು ಮುನ್ನೂರ ಎಪ್ಪತ್ತೊಂದು. ಕೆಂಪು ಕಣ್ಣಿನವು ನಲವತ್ತೊಂದು. ಆ ನಲವತ್ತೊಂದೂ ಎಲ್ಲದರ ಜೊತೆಗೇ ಹತ್ತನೇ ದಿನಕ್ಕೆ ಬಂದವು. ಈಥರ್ ಕೊಟ್ಟು ಮಲಗಿಸಿ, ಒಂದೊಂದರ ರೆಕ್ಕೆಯನ್ನೂ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಿದೆ. ಹೆಚ್ಚಿನ ನರ ಒಂದಕ್ಕೂ ಇಲ್ಲ. ಹದಿನೆಂಟನೇ ದಿನದವರೆಗೆ ಕಾದೆ. ತಡವಾಗಿ ಬಂದದ್ದು ಒಂದೂ ಇಲ್ಲ, ಒಂದೂ.

ಸೀಸೆಗಳ ದೋಷ ಅನ್ನಬೇಡ. ಇಷ್ಟು ಚೊಕ್ಕವಾದ ಸೀಸೆಗಳನ್ನು ನಾನು ನಿಮ್ಮ ಬೆಂಗಳೂರಿನಲ್ಲೂ ನೋಡಿಲ್ಲ.

ಅರ್ಧ ಇರಬೇಕಾದ ಕಡೆ ಹತ್ತರಲ್ಲಿ ಒಂದು. ಇದಕ್ಕೆ ನನಗೆ ತೋಚುವ ಅರ್ಥ ಎರಡೇ. ನೀನು ಕಳಿಸಿದ ತಾಯಿನೊಣಗಳೇ ಕಲಬೆರಕೆ. ಅಥವಾ ನಿನಗೆ ಬೇಕಾದ ನೊಣಗಳನ್ನಷ್ಟೇ ಆರಿಸಿ ಎಣಿಸಿದ್ದೀಯ. ಐದು ವರ್ಷ ಒಂದೇ ಪ್ರೋಟೀನಿನ ಹಿಂದೆ ಬಿದ್ದವರಿಗೆ ಇಲ್ಲದ ನರವೂ ಕಾಣುತ್ತದೆ. ನಿನ್ನ ಎಣಿಕೆಯ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದರು? ನವ್ಯಳೇ? ಅವಳು ನಿನ್ನ ಕೈಕೆಳಗಿನವಳು ಅಲ್ಲವೇ? ಮೂಲ ನೋಟ್‌ಬುಕ್ಕಿನ ಆ ಹಾಳೆಗಳ ಫೋಟೋ ಕಳಿಸು. ತಿದ್ದುಪಡಿ ಇದ್ದರೆ ತಿದ್ದುಪಡಿಯೊಂದಿಗೇ ಕಳಿಸು.

ಸುಕನ್ಯ

*

ಬೆಂಗಳೂರು
30 ಜುಲೈ 2025

ಸುಕನ್ಯ,

ಫೋಟೋ ಈ ಕಾಗದದ ಜೊತೆ ಇದೆ. ಹನ್ನೆರಡು ಹಾಳೆ. ತಿದ್ದುಪಡಿ ಇಲ್ಲ. ಕಾಫಿಯ ಕಲೆ ಒಂದು ಇದೆ, ಅದರ ಬಗ್ಗೆಯೂ ತನಿಖೆ ಮಾಡು.

ಈಗ ನನ್ನ ಪ್ರಶ್ನೆ. ಹದಿನೆಂಟು ದಿನ ನೀನು ನಿಜವಾಗಿಯೂ ಕಾದೆಯಾ, ಅಥವಾ ಹತ್ತಕ್ಕೇ ಎಣಿಸಿ ಉಳಿದದ್ದನ್ನು ತೊಳೆದು ಹಾಕಿದೆಯಾ? ಹಾಗೆ ತೊಳೆದರೆ ಬರುವುದು ನೀನು ಬರೆದ ಲೆಕ್ಕವೇ. ನೊಣಕ್ಕೆ ನೀನು ಗೊತ್ತಿಲ್ಲ, ನನಗೆ ಗೊತ್ತಿದ್ದೀಯ. ಆ ಲೈಸೀನನ್ನು ಬದಲಿಸಿ ನೋಡಬೇಕು ಅನ್ನುವ ಮಾತು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ರೈಲಿಗೆ ಕಾಯುತ್ತಾ ಟೀ ಕುಡಿಯುವಾಗ ಯಾರ ಬಾಯಿಂದ ಮೊದಲು ಬಂತು ಅನ್ನುವುದನ್ನು ನೀನು ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯ. ನಿನ್ನಿಂದಲೇ ಬಂತು ಅನ್ನುತ್ತೀಯ. ಇರಬಹುದು ಮಾರಾಯ್ತಿ! ಮಾತು ಆಡಿದವಳು ನೀನು, ಐದು ವರ್ಷ ಕಣ್ಣು ಕಳೆದುಕೊಂಡವಳು ನಾನು. ಕೆಲಸ ಸಿಕ್ಕಿತು ಅಂತ ಅರ್ಧಕ್ಕೆ ಬಿಟ್ಟು ಹೋಗು ಅಂತ ನಾನು ಹೇಳಿರಲಿಲ್ಲ.

ನನ್ನದು ಸುಳ್ಳಾಗಲಿ ಅಂತ ನೀನು ಕಾಯುತ್ತಿದ್ದೆ ಅನ್ನಿಸುತ್ತದೆ. ತಪ್ಪಾದರೆ ಹೇಳು.

ಹೊಸ ನೊಣ ಕಳಿಸುತ್ತಿದ್ದೇನೆ. ಈ ಸಲ ಪ್ರತಿ ಚೀಟಿಯೂ ನನ್ನ ಕೈಬರಹ, ಡಬ್ಬಕ್ಕೆ ಅರಗಿನ ಮುದ್ರೆ. ಗಿರಿಗೆ ನಿದ್ದೆ ಮಾಡಬೇಡ ಅಂತಲೂ ಹೇಳಿದ್ದೇನೆ.

ಚಂದನ

*

ಬಂಗಾರಪೇಟೆ
1 ಸೆಪ್ಟೆಂಬರ್ 2025

ಚಂದನ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೇಳಿದ್ದು ನೊಣದ ಲೆಕ್ಕ, ನೀನು ತೆಗೆದದ್ದು ಸ್ಟೇಷನ್ನಿನ ಟೀ.

ಎರಡನೇ ಸಲವೂ ಅದೇ. ಮುನ್ನೂರ ತೊಂಬತ್ತರಲ್ಲಿ ಕೆಂಪು ಕಣ್ಣಿನವು ಮೂವತ್ತೆಂಟು. ತಡವಾದವು ಇಲ್ಲ. ನರ ಇಲ್ಲ. ಮುದ್ರೆ ಒಡೆದಿರಲಿಲ್ಲ, ಹದಿನೆಂಟು ದಿನವೂ ಕೋಣೆಯ ಬೀಗದ ಕೈ ನನ್ನ ಹತ್ತಿರ ಒಂದು, ಮುನಿರತ್ನಮ್ಮನ ಹತ್ತಿರ ಒಂದು. ಆ ಹೆಂಗಸಿಗೆ ನಿನ್ನ ಹೆಸರೂ ಗೊತ್ತಿಲ್ಲ.

ಒಮ್ಮೆ ತಪ್ಪಿದರೆ ಕೈ ತಪ್ಪು. ಎರಡು ಸಲ ಒಂದೇ ಉತ್ತರ ಬಂದರೆ ಏನನ್ನಬೇಕು ಅಂತ ನೀನೇ ನನ್ನ ವಿದ್ಯಾರ್ಥಿಗಳಿಗೆ ಬಂದು ಹೇಳು. ಮೇಡಂ ಕೇಳಿದರೆ ನಾನು ಕಂಡದ್ದನ್ನು ಹೇಳುತ್ತೇನೆ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸುಕನ್ಯ

*

ಬೆಂಗಳೂರು
12 ಸೆಪ್ಟೆಂಬರ್ 2025

ಸುಕನ್ಯ ಅವರಿಗೆ,

ಮೇಡಂ ಕೇಳುವವರೆಗೆ ನೀವು ಕಾಯಲಿಲ್ಲ. ನನಗೆ ಕಾಗದ ಬರೆಯುವ ಮೂರು ದಿನ ಮೊದಲೇ ಅವರಿಗೆ ಬರೆದಿದ್ದೀರಿ. "ಚಂದನ ಅವರ ಎಣಿಕೆ ಸೃಷ್ಟಿಸಿದ್ದೆಂದು ಅನುಮಾನಿಸಲು ಕಾರಣವಿದೆ." ಅವರು ಆ ಸಾಲನ್ನು ನನಗೆ ಓದಿ ಹೇಳಿದರು. ನಾನು ನಿಂತುಕೊಂಡೇ ಕೇಳಿದೆ.

ಥೀಸಿಸ್ ನಿಂತಿದೆ. ಅಕ್ಟೋಬರ್ ಕೊನೆಯೊಳಗೆ ಇಬ್ಬರೂ ಮತ್ತೊಮ್ಮೆ ಮಾಡಿ ಲೆಕ್ಕ ಕೊಡಬೇಕಂತೆ. ಹೊಂದದಿದ್ದರೆ ವಿಷಯವು ತನಿಖಾ ಸಮಿತಿಗೆ ಹೋಗುತ್ತದೆ. ನೊಣಗಳನ್ನು ಕಳಿಸಿದ್ದೇನೆ. ಇನ್ನು ಬರೆಯುವುದಿಲ್ಲ.

ಚಂದನ

*

ಊರಿಗಾಂ
25 ಅಕ್ಟೋಬರ್ 2025

ನನ್ನ ಚಂದನ,

ನೀನು ಈ ಕಾಗದ ಒಡೆಯದೆ ಬಿಸಾಡಬಹುದು. ದಯವಿಟ್ಟು ಬಿಸಾಡಬೇಡ. ನೀನು ಹೇಳಿದ್ದೆಲ್ಲ ನಿಜ. ನಿನ್ನ ನೊಣಗಳು ಮೂರು ದಿನ ತಡವಾಗಿ ಬಂದವು!

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀನು ನನ್ನನ್ನು "ನೀವು" ಅಂದ ಮೇಲೆ ನನಗೆ ಎಲ್ಲರ ಮೇಲೂ ಅನುಮಾನ ಹತ್ತಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿನಗಾಗಿ ಯಾರೋ ಇಲ್ಲಿ ಸೀಸೆ ಮುಟ್ಟುತ್ತಿದ್ದಾರೆ ಅನ್ನಿಸಿತು. ಆದರೆ ಮುಟ್ಟಿದವರು ನಿನ್ನ ಲೆಕ್ಕ ಕೆಡಿಸುವುದೇಕೆ ಅಂತ ಯೋಚಿಸುವ ತಾಳ್ಮೆಯೂ ನನಗಿರಲಿಲ್ಲ. ಹತ್ತಿಯ ಬಿರಡೆಗೂ ಗಾಜಿಗೂ ಸೇರಿಸಿ ಪೆನ್ನಿನಲ್ಲಿ ಸಣ್ಣ ಗೀಟು ಎಳೆದಿಟ್ಟೆ. ಯಾರಾದರೂ ಬಿಚ್ಚಿದರೆ ಗೀಟು ಕೂಡುವುದಿಲ್ಲ. ಏಳನೇ ದಿನ ನೋಡಿದೆ, ಒಂದು ಗೀಟೂ ಕೂಡಿರಲಿಲ್ಲ.

ಎಂಟನೇ ದಿನ ಬೆಳಗ್ಗೆ ಕಾಲೇಜಿಗೆ ರಜೆ ಹಾಕಿ, ಕೋಣೆಯ ಬೀರುವಿನ ಹಿಂದೆ ಹೋಗಿ ನಿಂತೆ. ನಗು, ನಕ್ಕುಬಿಡು. ಹತ್ತೂವರೆಗೆ ಮುನಿರತ್ನಮ್ಮ ಬಂದರು. ಕೈತೊಳೆದು ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬಿರಡೆ ತೆಗೆದು, ತೆಳ್ಳಗಿನ ಬ್ರಶ್ಶಿನಿಂದ ಒಳಗಿನ ಮರಿಗಳನ್ನು ಒಂದೊಂದಾಗಿ ಎತ್ತಿ ಸುಣ್ಣದ ಪುಡಿಯ ತಟ್ಟೆಗೆ ಹಾಕತೊಡಗಿದರು. ಮೂರನೇ ಸೀಸೆಯ ಹೊತ್ತಿಗೆ ತಲೆ ಎತ್ತದೆಯೇ ಹೇಳಿದರು:

"ಯಾಕಮ್ಮಾ ಬೀರು ಇಂದೆ ನಿಂತ್ಕಂಡಿದ್ದೀರಾ? ಸೊಳ್ಳೆ ಕಚ್ತವೆ, ಈಚೆ ಬನ್ನಿ."

ನಾನು ಕೂಗಾಡಿದೆ. ಏನು ಮಾಡ್ತಿದ್ದೀರಿ, ಯಾರು ಹೇಳಿದ್ದು ಅಂದೆ. ಅವರು ನನ್ನನ್ನು ನೋಡಿದ ರೀತಿ, ಅಡಿಗೆ ಬಾರದ ಸೊಸೆಯನ್ನು ನೋಡುವ ರೀತಿ.

"ಇವು ಇಂದೆ ಬಿದ್ದಿರೋ ಉಳ ಕಣಮ್ಮಾ. ಮಿಕ್ಕಿದ್ವೆಲ್ಲ ಆಗ್ಲೇ ಗ್ವಾಡೆ ಅತ್ತಿ ಗೂಡಾಗವೆ, ಇವಿನ್ನೂ ಮೇಯ್ತಾ ಬಿದ್ದವೆ. ಇಂಥವ್ನ ಇಟ್ಕಂಡ್ರೆ ಸಪ್ಪೆ ರೋಗ ಬಂದು ಮನೆ ಉಳ ಎಲ್ಲಾ ಓಗ್ಬಿಡ್ತವೆ. ನಮ್ಮತ್ತೆ ಒಂದೊಂದು ಜ್ವರಕ್ಕೂ ತಟ್ಟೆ ಮುಂದೆ ಕುಂತು ಆರಿಸೋರು."

"ನಿಮಗೆ ಆರಿಸಿ ಅಂತ ಯಾರು ಹೇಳಿದರು?"

"ಏಳ್ಬೇಕಾ? ಮೂವತ್ತು ವರ್ಸ ರೇಶ್ಮೆ ಉಳ ಸಾಕಿದೋಳು ನಾನು. ಗೊತ್ತಿರೋ ಕೆಲ್ಸ ಏಳಿಸ್ಕಂಡು ಮಾಡ್ತಾರಾ?"

ಅಷ್ಟೇ ಕಣೇ. ಇದರಲ್ಲಿ ಮೋಸವಿಲ್ಲ, ಹೊಟ್ಟೆಕಿಚ್ಚಿಲ್ಲ. ಬಂಗಾರಪೇಟೆ ಸೀಮೆಯ ಹಳ್ಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚಿದ ಯಾವ ಹೆಂಗಸಾದರೂ ಮಾಡುವ ಕೆಲಸ ಅದು. ಹುಳು ಪೊರೆ ಬಿಡುವುದಕ್ಕೆ ಅವರು ಜ್ವರ ಅನ್ನುತ್ತಾರೆ. ಪ್ರತಿ ಜ್ವರದಲ್ಲೂ ಎಲ್ಲದರ ಜೊತೆ ಏಳದ ಹುಳುವನ್ನು ಆರಿಸಿ ಸುಣ್ಣಕ್ಕೆ ಹಾಕುತ್ತಾರೆ. ಸುಮೋ ಅಂಟದ ನಿನ್ನ ಮರಿಗಳು ನಿಧಾನ. ನಿಧಾನವಾದದ್ದಕ್ಕೇ ಸತ್ತವು. ತಡವಾಗದ ನಲವತ್ತನ್ನು ಮಾತ್ರ ನಾನು ಎಣಿಸಿದೆ, ಎಣಿಸಿ ನಿನ್ನನ್ನು ಸುಳ್ಳಿ ಅಂದೆ. ಸೀಸೆ ಚೊಕ್ಕವಾಗಿವೆ ಅಂತ ಜಂಭ ಕೊಚ್ಚಿಕೊಂಡ ನಾನು, ಯಾಕೆ ಚೊಕ್ಕವಾಗಿವೆ ಅಂತ ಒಂದು ದಿನ ಕೇಳಲಿಲ್ಲ.

ಆ ಸೀಸೆಗಳನ್ನು ಬಿಟ್ಟು, ಉಳಿದ ತಾಯಿನೊಣಗಳಿಂದ ಮತ್ತೆ ಶುರು ಮಾಡಿದೆ. "ಇಂದುಳಿದವ್ನೇ ನೋಡ್ಬೇಕಾ? ಇದೇನು ಓದೋ ಏನೋ" ಅಂತ ಮುನಿರತ್ನಮ್ಮ ಗೊಣಗಿದರು. ಆಮೇಲೆ, ತನ್ನನ್ನು ತೆಗೆದುಬಿಡುತ್ತೀರಾ ಅಂತ ಕೇಳಿದರು. ತೆಗೆಯುವುದಿಲ್ಲ ಅಂದೆ. ಅವರಿಗೆ ಒಂದು ಮಾತು ಹೇಳದೆ ಕೆಲಸಕ್ಕಿಟ್ಟ ತಪ್ಪು ನನ್ನದು. ನಿನ್ನೆಗೆ ಲೆಕ್ಕ ಮುಗಿಯಿತು. ನಾನೂರ ಎಂಬತ್ತರಲ್ಲಿ ಕೆಂಪು ಕಣ್ಣಿನವು ಇನ್ನೂರ ಇಪ್ಪತ್ತೇಳು. ಬಹುಪಾಲು ಹದಿಮೂರನೇ ದಿನ. ರೆಕ್ಕೆಯಲ್ಲಿ ಆ ನರ, ನೀನು ಬರೆದ ಜಾಗದಲ್ಲಿಯೇ. ನೋಡುತ್ತಾ ಅತ್ತುಬಿಟ್ಟೆ.

ಮೇಡಂಗೆ ಇವತ್ತೇ ಎಲ್ಲವನ್ನೂ ಬರೆದು ಹಾಕಿದ್ದೇನೆ. ನಿನ್ನ ಲೆಕ್ಕ ಸರಿ, ನನ್ನ ಅನುಮಾನ ತಪ್ಪು ಅಂತ. ನನ್ನನ್ನು ಬೈ. ಬಾಯಿ ತುಂಬ ಬೈ.

ನಿನ್ನ
ಸುಕನ್ಯ

*

ಬೆಂಗಳೂರು
4 ನವೆಂಬರ್ 2025

ಸುಕನ್ಯ,

ನಿನ್ನ ಕಾಗದ ಇಪ್ಪತ್ತೆಂಟಕ್ಕೆ ಬಂತು. ನಾನು ಇಪ್ಪತ್ತನಾಲ್ಕಕ್ಕೆ ನನ್ನ ಲೆಕ್ಕ ಕೊಟ್ಟುಬಿಟ್ಟಿದ್ದೆ.

ಈ ಸಲವೂ ನನ್ನ ಕಣ್ಣಿಗೆ ಕಂಡದ್ದು ನೂರಕ್ಕೆ ನಲವತ್ತೇಳು. ನಾನು ಬರೆದದ್ದು ಹತ್ತು.

ಯಾಕೆ ಅಂತ ಕೇಳುತ್ತೀಯ. ಭಯದಿಂದ ಅಂದರೆ ಅರ್ಧ ನಿಜ. ಹೊಂದದಿದ್ದರೆ ಸಮಿತಿ. ಹೊಂದಿದರೆ "ಮೊದಲ ಸಲ ಎಣಿಕೆಯಲ್ಲಿ ಎಡವಿದೆ, ಕ್ಷಮಿಸಿ" ಅಂತ ಬರೆದುಕೊಟ್ಟು, ಆ ಅಧ್ಯಾಯವನ್ನು ಕಿತ್ತುಹಾಕಿ ಉಳಿದದ್ದರಲ್ಲಿ ಹೇಗೋ ಡಿಗ್ರಿ ತೆಗೆದುಕೊಳ್ಳಬಹುದು. ಉಳಿದ ಅರ್ಧ ಹೇಳುತ್ತೇನೆ. ಆ ನರ ರೆಕ್ಕೆಯಲ್ಲಿ ಎದ್ದು ಕಾಣುತ್ತಿತ್ತು, ಆದರೂ ನನಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಸುಕನ್ಯ ಎರಡು ಸಲ ನೋಡಿ ಇಲ್ಲ ಅಂದಿದ್ದಾಳೆ, ಅವಳ ಕೈ ತಪ್ಪುವುದಿಲ್ಲ, ಹಾಗಾದರೆ ನನಗೇ ಏನೋ ಆಗಿದೆ ಅಂದುಕೊಂಡೆ. ನಿನ್ನ ಲೆಕ್ಕವನ್ನು ನನ್ನ ಪುಸ್ತಕಕ್ಕೆ ಇಳಿಸಿದೆ.

ಮೊನ್ನೆ ಮೇಡಂ ಕರೆದರು. ಮೇಜಿನ ಮೇಲೆ ಎರಡು ಕಾಗದ. ಚಂದನ ಸರಿ ಅನ್ನುವ ನಿನ್ನದು, ಚಂದನ ತಪ್ಪು ಅನ್ನುವ ನನ್ನದು. "ಎರಡರಲ್ಲಿ ಯಾವುದು ಸುಳ್ಳು?" ಅಂದರು. ನನ್ನದು ಅಂದೆ. ಎರಡನ್ನೂ ಒಂದೇ ಕಡತಕ್ಕೆ ಸೇರಿಸಿದರು. ಆಮೇಲೆ ಹೇಳಿದರು, "ಸೆಪ್ಟೆಂಬರ್‌ನಲ್ಲಿ ನಿನ್ನ ಮೇಲೆ ಬರೀ ಅನುಮಾನವಿತ್ತು. ಈಗ ನೀನು ಸುಳ್ಳು ಬರೆದದ್ದಕ್ಕೆ ನಿನ್ನದೇ ಸಹಿ ಇದೆ." ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ಪ್ರಬಂಧ ಪ್ರಕಟಣೆಗೆ ಹೋಗುತ್ತದಂತೆ. ಫಲಿತಾಂಶ ನಿಜ, ಅದನ್ನು ಬಿಡಲಾಗುವುದಿಲ್ಲ. ಲೆಕ್ಕ ನಿನ್ನದು ಹಾಕುತ್ತಾರೆ, ಮೊದಲ ಹೆಸರೂ ನಿನ್ನದೇ. ನನ್ನ ಹೆಸರು ಎಲ್ಲಿಯೂ ಇರುವುದಿಲ್ಲ. ನಿನಗೂ ಕಾಗದ ಬಂದಿರಬೇಕು.

ನನಗೆ ಒಂದೇ ಉತ್ತರ ಬೇಕು, ನಿಜವಾದದ್ದು. ಮೊದಲ ಹೆಸರು ನಿನ್ನದು ಅಂತ ಓದಿದಾಗ ನಿನಗೆ ಸಂತೋಷವಾಯಿತಾ?

ಚಂದನ

*

ಬಂಗಾರಪೇಟೆ
8 ನವೆಂಬರ್ 2025

ಚಂದನ,

ಆಯಿತು.

ಸ್ಟಾಫ್ ರೂಮಿನಲ್ಲಿ ನಿಂತು ಓದಿದೆ. ನನ್ನ ಹೆಸರು ಮೊದಲು ಕಂಡಿತು, ಮೈ ಬಿಸಿಯಾಯಿತು. ನಾಲ್ಕು ವರ್ಷದಿಂದ ಆ ಲೈಸೀನಿನ ಯೋಚನೆ ನನ್ನದೇ ಅಂತ ಒಳಗೊಳಗೇ ಅಂದುಕೊಂಡಿದ್ದೆನಲ್ಲ, ಕೊನೆಗೂ ಬಂತು ಅನ್ನಿಸಿತು. ನಿನ್ನ ಹೆಸರಿಲ್ಲ ಅನ್ನುವುದು ಆಮೇಲೆ ಕಂಡದ್ದು. ಜುಲೈನಲ್ಲಿ ನೀನು ಬರೆದೆಯಲ್ಲ, "ನನ್ನದು ಸುಳ್ಳಾಗಲಿ ಅಂತ ನೀನು ಕಾಯುತ್ತಿದ್ದೆ, ತಪ್ಪಾದರೆ ಹೇಳು" ಅಂತ. ನಾನು ಉತ್ತರ ಬರೆಯಲಿಲ್ಲ. ನೀನು ಅಂದುಕೊಂಡದ್ದು ತಪ್ಪಾಗಿರಲಿಲ್ಲ. ಹದಿನೆಂಟು ದಿನ ಕಾದೆ ನಿಜ, ಆದರೆ ಬರಲಿ ಅಂತ ಕಾಯಲಿಲ್ಲ.

ಮೇಡಂ ಕಳಿಸಿದ ಒಪ್ಪಿಗೆಯ ಹಾಳೆಗೆ ನಾನು ಸಹಿ ಮಾಡಿಲ್ಲ. ನಿನ್ನ ಹನ್ನೆರಡು ಹಾಳೆಗಳ ಫೋಟೋ ನನ್ನ ಹತ್ತಿರವಿದೆ, ತಿದ್ದುಪಡಿ ಇಲ್ಲದ್ದು, ಕಾಫಿ ಕಲೆ ಇರುವುದು. ಆ ಲೆಕ್ಕ ಮೊದಲು, ನಿನ್ನ ಹೆಸರು ಮೊದಲು. ಅಕ್ಟೋಬರ್‌ನಲ್ಲಿ ನೀನು ಸುಳ್ಳು ಬರೆದದ್ದೂ ಅವರ ಕಡತದಲ್ಲಿ ಇರಲಿ, ಅದಕ್ಕೆ ಕಾರಣವಾದ ನನ್ನ ಕಾಗದವೂ ಅದರ ಪಕ್ಕದಲ್ಲಿರಲಿ. ಇದಕ್ಕೆ ಒಪ್ಪದಿದ್ದರೆ ನನ್ನ ಲೆಕ್ಕವನ್ನು ಬಳಸಲು ನಾನು ಬಿಡುವುದಿಲ್ಲ. ಪ್ರಬಂಧ ನಿಂತರೆ ನಿಲ್ಲಲಿ.

ಅವರು ನನ್ನ ಮಾತು ಕೇಳುತ್ತಾರೆ ಅಂತ ಹೇಳಲಾರೆ. ಕೇಳಿದರೂ ನಿನ್ನ ಡಿಗ್ರಿ ಉಳಿಯುತ್ತದೆ ಅಂತ ಹೇಳಲಾರೆ. ಹದಿನೇಳನೇ ತಾರೀಕು ಸೋಮವಾರ ಹತ್ತು ಗಂಟೆಗೆ ಅವರ ಕೋಣೆಗೆ ಬರುತ್ತೇನೆ ಅಂತ ತಿಳಿಸಿದ್ದೇನೆ. ನೀನು ಬಂದರೆ ನಿನ್ನ ಎದುರೇ ಹೇಳುತ್ತೇನೆ. ಬರದಿದ್ದರೂ ಇದನ್ನೇ ಹೇಳುತ್ತೇನೆ. ನೀನು ಇದನ್ನು ನಂಬಬೇಕಾಗಿಲ್ಲ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೆ ಸಾಕು.

ಸುಕನ್ಯ